ನಕ್ಕ ಸುದ್ದಿ

ಗೆಳೆಯರೇ, ಇವತ್ತು ನಾನು ನಕ್ಕುಬಿಟ್ಟೆ. ನಮ್ಮನೆಯವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ನಮ್ಮ ಬಾಳೂರಿನ ಮೇಲಿನ ಮನೆಯಲ್ಲಿ ಹಲಸಿನ ಹಪ್ಪಳ ಮಾಡಲು ಹೆಂಗಸರೆಲ್ಲ ಸೇರಿದ್ದೆವು. ಸೀತಕ್ಕ ತನ್ನ ಗಂಡನ ಕತೆ ತೆಗೆದಳು. ಜಿಗಣೆ ಹತ್ತಬಾರದೆಂದು ಅವರು ಕಾಲಿಗೆಲ್ಲ ಸೋಪು ಬಳಿದುಕೊಂಡು ಬೀಗರ ಮನೆಗೆ ಹೋಗಿದ್ದರಂತೆ.

"ಕಾಲು ತೊಳೆಯೋಕೆ ನೀರು ಕೊಟ್ರು. ಎಷ್ಟು ಹೊಯ್ದ್ರೂ ನೊರೆ ನಿಲ್ತಾನೇ ಇಲ್ಲ ಮಾರಾಯ್ತಿ. ಬೀಗ್ರು ನೀರು ಹೊತ್ತು ಸುಸ್ತಾದ್ರು."

ಎಲ್ಲರೂ ನಕ್ಕರು. ನಾನೂ ಜೋರಾಗಿ ನಕ್ಕೆ. ಉಳಿದವರ ನಗು ಅಲ್ಲೇ ನಿಂತಿತು. ನಾನು ಸೆರಗಿನಿಂದ ಬಾಯಿ ಮುಚ್ಚಿ ತಲೆ ತಗ್ಗಿಸಿದ ಮೇಲೆಯೇ ಅವರ ಕೈ ಮತ್ತೆ ಆಡಿದ್ದು. ಹೊರಡುವಾಗ ಆ ಮನೆಯ ಅಜ್ಜಿ ಬೆನ್ನು ಸವರಿ, "ನಿಮ್ಮತ್ತೆಗೆ ನಾನೇನೂ ಹೇಳಲ್ಲ ಬಿಡು" ಅಂದರು.

ನಾನು ಮನೆ ಮುಟ್ಟುವ ಮೊದಲೇ ಫೋನು ಬಂದಿತ್ತು. ಅತ್ತೆ ರಿಸೀವರ್ ಇಟ್ಟು ನನ್ನನ್ನೇ ನೋಡಿದರು. ಮಗನನ್ನು ಕಳೆದುಕೊಂಡವರು. ನಾನು ಬಾಗಿಲಲ್ಲೇ ನಿಂತೆ.

"ನಕ್ಕೆಯಂತೆ?"

"ಹೂಂ."

"ಏನದು, ನಂಗೂ ಹೇಳೆ. ಮೊದ್ಲು ಆ ಕಿಟಕಿ ಹಾಕು."

ಕಿಟಕಿ ಹಾಕಿ, ಟೀವಿ ಜೋರು ಮಾಡಿ ಹೇಳಿದೆ. ನೊರೆಯ ಮಾತು ಬರುವ ಹೊತ್ತಿಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಧಾರಾವಾಹಿಯಲ್ಲಿ ಯಾರೋ ಗಟ್ಟಿಯಾಗಿ ಅಳುತ್ತಿದ್ದರು. ದಾರಿಯಲ್ಲಿ ಹೋಗುವವರಿಗೆ ಅದೇ ಕೇಳಿಸಿರಲಿ.