ಮಗು ಬೋರಲಾದ ದಿನ

ಪಕ್ಕದ ಮನೆಯಿಂದ ಈಗಷ್ಟೇ ಬಿಸಿ ಕಡುಬು ಬಂತು. ಅವರ ಮೊಮ್ಮಗು ಬೋರಲು ಬಿದ್ದಿತಂತೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ, ಮಗು ಮೊದಲ ಸಲ ಮಗುಚಿಕೊಂಡರೆ ಕಡುಬು ಬೇಯಿಸಿ ಬೀದಿಗೆಲ್ಲ ಹಂಚಬೇಕು. ನನಗೆ ಮಾತ್ರ ಆ ಆವಿ ಮೂಗಿಗೆ ಬಡಿದರೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಣಸೂರು ಬಳಿಯ ಹನಗೋಡಿನಲ್ಲಿ ನನಗೆ ಚೊಚ್ಚಲ ಹೆಣ್ಣು ಮಗು. ನಾನು ಹೊಲಕ್ಕೆ ಹೋದರೆ ಅತ್ತೆ ನೋಡಿಕೊಳ್ಳುತ್ತಿದ್ದರು. ನನ್ನದಕ್ಕಿಂತ ಆಮೇಲೆ ಹುಟ್ಟಿದ ಮಕ್ಕಳೆಲ್ಲ ಮಗುಚಿದವು, ನಾವು ಅವರ ಮನೆಗಳ ಕಡುಬು ತಿಂದದ್ದೇ ತಿಂದದ್ದು. ನನ್ನದು ಅಂಗಾತ ಮಲಗಿ ಸೂರು ನೋಡುತ್ತಿತ್ತು. ಎದುರುಮನೆ ತಾಯಮ್ಮ, "ಸೊಂಟದಲ್ಲಿ ಬಲ ಇಲ್ವೇನೋ ಕಣವ್ವ, ಉಣ್ಸೂರು ಆಸ್ಪತ್ರೇಲಾದ್ರೂ ತೋರ್ಸು" ಅಂದಳು. ಅವಳ ಬಾಯಿಗಿಷ್ಟು ಮಣ್ಣು ಹಾಕ ಎಂದು ಮನಸ್ಸಿನಲ್ಲೇ ಬೈದೆ. ಬೈದರೇನು, ಹೆದರಿಕೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಎದೆಹಾಲು ಕಟ್ಟಿಕೊಂಡು ನೋವಾಗಿ, ಕಳೆ ಕೀಳುವುದನ್ನು ಬಿಟ್ಟು ಬೇಗ ಬಂದೆ. ಬಾಗಿಲಿನಿಂದಲೇ ಕಂಡಿತು. ಮಗು ಕಾಲೆತ್ತಿ, ಸೊಂಟ ತಿರುಗಿಸಿ, ಇನ್ನೇನು ಮಗುಚಬೇಕು, ಅಷ್ಟರಲ್ಲಿ ಅತ್ತೆ ಮೆಲ್ಲಗೆ ಹಿಂದಕ್ಕೆ ಹೊರಳಿಸಿ, ಹಳೆ ಸೀರೆಯ ಸುರುಳಿಯೊಂದನ್ನು ಪಕ್ಕಕ್ಕೆ ಒತ್ತಿಟ್ಟರು. ದಿನವೂ ಮಗುವಿನ ಎರಡೂ ಪಕ್ಕ ಇರುತ್ತಿದ್ದ ಆ ಸುರುಳಿಗಳು ಗಾಳಿಗೆ ಅಡ್ಡ ಎಂದುಕೊಂಡಿದ್ದೆ, ಪೆದ್ದಿ.

"ಏನತ್ತೆ ಇದು? ದಿನಾ ಹಿಂಗೇ ಮಾಡ್ತಿದ್ರಾ?" ಎಂದು ಕೂಗಾಡಿದೆ.

ಅತ್ತೆ ತಲೆ ಎತ್ತಲಿಲ್ಲ. "ನನ್ನ ಮೊದಲ್ನೇ ಮಗ ಬೋರಲಾಗಿದ್ದೇ ಒಂದ್ಸಲ ಕಣವ್ವ. ಮೂತಿ ದಿಂಬಿಗೆ ಒತ್ಕೊಂಡು ಉಸ್ರು ನಿಂತೋಯ್ತು. ನಾನು ಪಕ್ಕದಲ್ಲೇ ರಾಗಿ ಬೀಸ್ತಾ ಕುಂತಿದ್ದೆ. ಬೀಸೋ ಸದ್ದಲ್ಲಿ ಏನೂ ಕೇಳ್ನಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವರ ಪಕ್ಕ ಕೂತು, "ಇವತ್ತು ಇಬ್ರೂ ನೋಡ್ತಾ ಕೂರಣ ಅತ್ತೆ" ಎಂದು ಸುರುಳಿ ತೆಗೆದೆ. ಮಗು ಮತ್ತೆ ಕಾಲೆತ್ತಿತು, ಮಗುಚಿಯೇಬಿಟ್ಟಿತು. ಒಂದು ಕೈ ಎದೆಯಡಿ ಸಿಕ್ಕಿಕೊಂಡಿತು, ಮುಖ ಚಾಪೆಗೆ ಒತ್ತಿತು. ಅತ್ತೆಯ ಕೈ ಮುಂದೆ ಹೋಯಿತು. ನಾನು ಅವರ ಮಣಿಕಟ್ಟು ಹಿಡಿದೆ. ಮಗು ಮುಲುಕಿತು, ಮುಖ ಮೇಲೇಳಲಿಲ್ಲ.

"ಬುಡವ್ವ, ಸತ್ತೋಯ್ತದೆ" ಎಂದರು ಅತ್ತೆ.

ನಾನು ಬಿಡಲಿಲ್ಲ. ಆಗ ಕತ್ತು ನಡುಗಿಸುತ್ತ ಮಗು ತಲೆ ಎತ್ತಿತು. ಜೊಲ್ಲು ಸುರಿಸಿಕೊಂಡು ನಮ್ಮಿಬ್ಬರನ್ನೂ ನೋಡಿತು. ಅತ್ತೆ ಗೊಳೋ ಎಂದು ಅತ್ತರು.

ಇಷ್ಟು ವರ್ಷ ಇದನ್ನು ನನ್ನ ಧೈರ್ಯದ ಕತೆಯೆಂದು ಮೊಮ್ಮಕ್ಕಳಿಗೆಲ್ಲ ಹೇಳಿ ಬೀಗಿದ್ದೇನೆ. ಇವತ್ತು ಕೂತು ಯೋಚಿಸಿದರೆ ಹಾಗನ್ನಿಸುತ್ತಿಲ್ಲ. ನಾನಾಗ ಕಡ್ಡಿಯಂತಿದ್ದೆ, ಅವರದು ರಾಗಿ ಬೀಸಿದ ತೋಳು. ಬಿಡಿಸಿಕೊಳ್ಳಬೇಕೆಂದಿದ್ದರೆ ನನ್ನನ್ನು ಒಂದೇ ಸಲಕ್ಕೆ ಆಚೆ ತಳ್ಳಬಹುದಿತ್ತು. ಅವರು ತಳ್ಳಲಿಲ್ಲ.