ಎದುರು ಗಾಡಿಯವನ ಕೈ ಏಳದಾಗ

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮಕ್ಕಳಂತೆ ಸಾಕಿ ಸಲಹುವ, ಇಂಗ್ಲೆಂಡಿನ ನಮ್ಮ ಕಂಬ್ರಿಯದ ಬೆಟ್ಟಸೀಮೆಯಲ್ಲಿ ಧೈರ್ಯಶಾಲಿಗಳಿಗೆ ಎಂದೂ ಬರವಿರಲಿಲ್ಲ. ಅವರಲ್ಲಿ ಕೆಲವರು ಇಂದು ಊರುಗೋಲು ಹಿಡಿದಿದ್ದಾರೆ, ಇನ್ನು ಕೆಲವರ ಕಾರುಗಳು ಕಣಿವೆಯ ತಳದಲ್ಲಿ ಕುರಿಗಳಿಗೆ ನೆರಳಾಗಿವೆ. ಇಂಥವರ ನಡುವೆ ಮೂವತ್ತು ವರ್ಷಗಳಿಗೂ ಮೀರಿ ನಮ್ಮ ಕೂಟದ ಭಾನುವಾರದ ಸವಾರಿಗಳಿಗೆ ಮುಂದಾಳಾಗಿ, ಹೊರಟವರೆಲ್ಲರನ್ನೂ ಮನೆ ಮುಟ್ಟಿಸಿ, ಈ ವಸಂತದಲ್ಲಿ ಆ ಹೊಣೆಯಿಂದ ನಿವೃತ್ತರಾಗುತ್ತಿರುವ ಶ್ರೀ ವಿಲ್ಫ್ರೆಡ್ ಬರ್ಕೆಟ್ ಅವರು ನಾನು ಕಂಡ ಮಹಾ ಪುಕ್ಕಲರು. ಅಭಿನಂದನ ಗ್ರಂಥದಲ್ಲಿ ಇಂಥ ಮಾತೇ ಎಂದು ಸಂಪಾದಕರು ಹುಬ್ಬೇರಿಸಿದ್ದಾರೆ. ಪೂರ್ಣ ಗೌರವದಿಂದಲೇ ಬರೆದಿದ್ದೇನೆ, ಮುಂದೆ ಓದಿ.

ಕೆಂಡಲ್‌ನ ಶಾಲೆಯಲ್ಲಿ ಅವರು ನನಗೆ ಚರಿತ್ರೆಯ ಮೇಷ್ಟ್ರು. ಯುದ್ಧಗಳ ಪಾಠದಲ್ಲಿ ಗೆದ್ದವರಿಗಿಂತ ಸಮಯಕ್ಕೆ ಸರಿಯಾಗಿ ಓಡಿಹೋದವರ ಮೇಲೆಯೇ ಅವರಿಗೆ ಒಲವು. ಅವರ ಒಣಕೆಮ್ಮನ್ನೂ, ಪ್ರತಿ ವಾಕ್ಯದ ಬಾಲಕ್ಕೆ ಕಟ್ಟುತ್ತಿದ್ದ "ಅಲ್ವೇ?"ಯನ್ನೂ ನಾನು ಹಿಂದಿನ ಬೆಂಚಿನಿಂದ ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ಮುಂದೆ ನಾನು ದುಡಿದು ಕೊಂಡ ಮೊದಲ ಹಳೆಯ ಕಾರು ಮೊದಲ ದಿನವೇ ಕೈಕೊಟ್ಟಾಗ ಕೈಹಿಡಿದವರೂ ಅವರೇ. ಜಡಿಮಳೆಯಲ್ಲಿ ತಮ್ಮ ಕೋಟನ್ನು ನನ್ನ ಎಂಜಿನ್ನಿಗೆ ಹೊದಿಸಿ, ತಾವು ನೆನೆಯುತ್ತಾ ಫ್ಯಾನ್ ಬೆಲ್ಟ್ ಕಟ್ಟಿಕೊಟ್ಟರು.

ಕೈ ಎತ್ತುವುದನ್ನು ಕಲಿಸಿದ್ದೂ ಅಂದೇ. ನಮ್ಮಂಥ ಹಳೆಯ ಕಾರೊಂದು ಎದುರಾದರೆ, ಒಳಗಿರುವವರು ಯಾರೇ ಆಗಿರಲಿ, ಕೈ ಎತ್ತಬೇಕು: ನೇರ ರಸ್ತೆಯಲ್ಲಿ ಪೂರ್ತಿ ತೋಳು, ತಿರುವಿನಲ್ಲಿ ಸ್ಟಿಯರಿಂಗ್ ಬಿಡದೆ ನಾಲ್ಕು ಬೆರಳು.

"ಆಗದವನು ಎದುರು ಬಂದ್ರೆ, ಸಾರ್?"

"ಜಗಳ ಗಾಡಿಯಿಂದ ಇಳಿದ ಮೇಲೆ ಕಣೋ. ಚಕ್ರ ಉರುಳ್ತಿರೋವಾಗ ಕೈ ಎತ್ತಲೇಬೇಕು, ಅಲ್ವೇ?"

ಆ ನಿಯಮ ಒರೆಗೆ ಬಂದದ್ದು ಒಂದು ಅಕ್ಟೋಬರಿನಲ್ಲಿ. ಬರ್ಕೆಟ್ ಅವರ ಹಳೆಯ ಗೆಳೆಯ, ಪಶುವೈದ್ಯ ನಾರಿಸ್ ಟೈಸನ್, ನಮ್ಮ ಸವಾರಿಗಳಿಗೆ ಹೊಸ ಕಾರುಗಳನ್ನೂ ಸೇರಿಸಬೇಕೆಂದು ವಾದಿಸಿ, ಬರ್ಕೆಟ್ ಅವರ ವಿರೋಧದಿಂದ ಸೋತು, ಸಭೆಯಲ್ಲೇ ಕೂಗಾಡಿ ಹೋಗಿದ್ದರು. ಅಲ್ಲಿಂದ ಆ ಬೇಸಿಗೆಯಿಡೀ ಇಬ್ಬರ ನಡುವೆ ಮಾತಿರಲಿಲ್ಲ.

ನನ್ನ ಕಾರು ಎಂದಿನಂತೆ ರಿಪೇರಿಯಲ್ಲಿದ್ದುದರಿಂದ ಆ ಮಧ್ಯಾಹ್ನ ನಾನು ಬರ್ಕೆಟ್ ಅವರ ಹಸಿರು ಎಂಜಿ ಕಾರಿನಲ್ಲಿ ಅವರ ಪಕ್ಕ ಕುಳಿತಿದ್ದೆ. ರಾವೆನ್‌ಗಿಲ್ ಕಣಿವೆಯ ಕಡಿದಾದ ತಿರುವುಗಳನ್ನು ಹತ್ತಿ ಮೇಲಿನ ಬಯಲಿಗೆ ಬಂದಾಗ ಮಂಜು ಇಳಿಯತೊಡಗಿತ್ತು. ಎದುರಿನಿಂದ ನಾರಿಸ್ ಅವರ ಕೆಂಪು ಟ್ರಯಂಫ್ ಕಾರು ಬಂತು. ಬರ್ಕೆಟ್ ಅವರು ತೋಳು ಪೂರ್ತಿ ಎತ್ತಿದರು. ಅತ್ತ ಕಡೆ ಏನೂ ಏಳಲಿಲ್ಲ. ಕಾರು ನಮ್ಮನ್ನು ಸವರಿಕೊಂಡು ಹೋಯಿತು.

ನಾನು ನಾರಿಸ್ ಅವರ ಗೊಗ್ಗರು ದನಿ ತೆಗೆದೆ: "ನನ್ನ ಕೈ ಕುರಿಗಳಿಗೆ ಮೀಸಲು, ಮಿಸ್ಟರ್ ಬರ್ಕೆಟ್!"

ಅವರು ನಗಲಿಲ್ಲ. ಕಾರು ನಿಲ್ಲಿಸಿದ್ದರು. ಮುಖ ಬಿಳಿಚಿಕೊಂಡಿತ್ತು.

"ಸಿಟ್ಟಲ್ಲಿದ್ದಾರೆ ಬಿಡಿ ಸಾರ್."

"ಸಿಟ್ಟಿದ್ರೆ ಇನ್ನೂ ಮೇಲಕ್ಕೆ ಎತ್ತಿರೋನು, ನನ್ನ ಹೊಟ್ಟೆ ಉರಿಸೋಕೆ. ಅವನಿಗೆ ಸಕ್ಕರೆ ಕಾಯಿಲೆ ಕಣೋ. ಮೈಯಲ್ಲಿ ಸಕ್ಕರೆ ಇಳಿದು ಮಂಕು ಕವಿದಿರ್ಬೇಕು. ಮುಂದೆ ಆ ಇಳಿಜಾರಿದೆ."

ನಾವು ಆಗತಾನೇ ಹತ್ತಿ ಬಂದಿದ್ದ ಇಳಿಜಾರು. ತಡೆಗೋಡೆಯಿಲ್ಲ, ಮೊದಲ ತಿರುವಿನಲ್ಲಿ ನೇರ ಹೋದವನಿಗೆ ಆಮೇಲೆ ರಸ್ತೆಯ ಅಗತ್ಯವೇ ಬೀಳುವುದಿಲ್ಲ.

ಬೈಸಿಕಲ್ಲಿಗೂ ದಾರಿ ಬಿಡುವ ಆ ಮನುಷ್ಯ ಹುಲ್ಲಿನ ಮೇಲೆ ಗಾಡಿ ತಿರುಗಿಸಿ, ಮಂಜಿನೊಳಕ್ಕೆ ನುಗ್ಗಿಸಿದ ರೀತಿಯನ್ನು ನೆನೆದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಕುರಿಗಳು ಕಾಣುತ್ತಿದ್ದುದು ತೀರ ಹತ್ತಿರ ಬಂದ ಮೇಲೆಯೇ. ಕೊನೆಗೆ ಕೆಂಪು ದೀಪಗಳೆರಡು ಮಸುಕಾಗಿ ಕಂಡವು. ನಿಧಾನವಾಗಿ ರಸ್ತೆಯ ಆ ಅಂಚಿಗೂ ಈ ಅಂಚಿಗೂ ತೂಗುತ್ತಿದ್ದವು. ಹಾರನ್ ಹೊಡೆದರೂ ಮುಂದಿನ ಕಾರಿನಲ್ಲಿದ್ದ ತಲೆ ತಿರುಗಲಿಲ್ಲ.

"ಬಾಗಿಲು ಗಟ್ಟಿಯಾಗಿ ಹಿಡ್ಕೋ," ಎಂದರು. "ನನಗೆ ತುಂಬಾ ಭಯ ಆಗ್ತಿದೆ."

ಮೇಷ್ಟ್ರ ಬಾಯಿಂದ ಆ ಮಾತು ಕೇಳಿದ ಮೇಲೆ ನನ್ನ ಹೆದರಿಕೆಯನ್ನು ಒಪ್ಪಿಸಲು ಬೇರೆ ಜಾಗವೇ ಉಳಿಯಲಿಲ್ಲ.

ಬಲಗಡೆಯ ಚಕ್ರಗಳನ್ನು ಪೊದೆಗಳ ಮೇಲೆ ಹತ್ತಿಸಿ, ಟ್ರಯಂಫ್‌ನ ಪಕ್ಕಕ್ಕೆ ಬಂದರು. ಒಂದು ಕ್ಷಣ ನಾನೂ ನಾರಿಸ್ ಅವರೂ ಮುಟ್ಟುವಷ್ಟು ಹತ್ತಿರವಿದ್ದೆವು. ಅವರ ಕಣ್ಣು ತೆರೆದಿದ್ದವು; ಅವುಗಳಲ್ಲಿ ನಾನಿರಲಿಲ್ಲ, ರಸ್ತೆಯೂ ಇರಲಿಲ್ಲ. ನಾನು ಕೂಗಿದೆ, ಯಾರ ದನಿಯನ್ನೂ ಅನುಕರಿಸದ ನನ್ನದೇ ದನಿಯಲ್ಲಿ. ಅವರು ರೆಪ್ಪೆ ಬಡಿಯಲಿಲ್ಲ.

ಬರ್ಕೆಟ್ ಅವರು ಮುಂದೆ ಹೋಗಿ, ಟ್ರಯಂಫ್‌ನ ಮೂತಿಗೆ ತಮ್ಮ ಕಾರಿನ ಬೆನ್ನು ಕೊಟ್ಟು, ಮೆಲ್ಲಮೆಲ್ಲನೆ ಬ್ರೇಕ್ ಒತ್ತಿದರು. ತಮ್ಮ ಕೈಯಾರೆ ತಗಡು ತಟ್ಟಿ, ಬಣ್ಣ ಬಳಿದು, ಬೇರೆಯವರ ಬೆರಳಚ್ಚು ಬಿದ್ದರೂ ಒರೆಸುತ್ತಿದ್ದ ಕಾರದು. ಹಿಂದಿನಿಂದ ಗುದ್ದು ಬಿತ್ತು, ಗಾಜು ಒಡೆಯಿತು, ಲೋಹ ಕಿರುಚಿತು. ಟ್ರಯಂಫ್ ನಮ್ಮನ್ನು ತಳ್ಳುತ್ತಲೇ ಇತ್ತು. ಎಡಕ್ಕೆ ನೋಡಬಾರದೆಂದುಕೊಂಡು ನೋಡಿದೆ. ಹುಲ್ಲು ಮುಗಿದು ಮಂಜು ಮಾತ್ರ ಇತ್ತು. ಎರಡು ಕಾರುಗಳೂ ಒಂದನ್ನೊಂದು ಕಚ್ಚಿಕೊಂಡು ನರಳುತ್ತಾ ನಿಂತದ್ದು ಮೊದಲ ತಿರುವಿನ ಬಾಯಲ್ಲಿ.

ನಾರಿಸ್ ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಬರ್ಕೆಟ್ ಅವರು ಜೇಬಿನ ಪೆಪ್ಪರ್‌ಮಿಂಟ್ ಮಿಠಾಯಿಯನ್ನು ಪುಡಿಮಾಡಿ, ಅವರ ಒಸಡಿಗೆ ಚೂರುಚೂರಾಗಿ ಸವರುತ್ತಾ, "ನುಂಗೋ, ದನದ ಡಾಕ್ಟ್ರೇ, ನುಂಗು," ಎಂದು ಗೋಗರೆಯುತ್ತಿದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಂಟಲು ಅಲುಗಿತು.

ಕೊನೆಗೆ ನಾರಿಸ್ ಅವರ ನೋಟ ಎದುರಿನ ಕಾರಿನ ಮೇಲೆ ನಿಂತಿತು. "ವಿಲ್ಫ್, ನಿನ್ನ ಗಾಡಿಯ ಹಿಂಭಾಗ ಹೀಗ್ಯಾಕಾಯ್ತೋ?"

"ಒಬ್ಬ ಕುರುಡ ಗುದ್ದಿದ."

"ಇಂಥೋರನ್ನೆಲ್ಲ ರಸ್ತೆಗೆ ಬಿಡಬಾರದು ಮಾರಾಯ."

ಬರ್ಕೆಟ್ ಅವರು ನಗಲು ಹೋಗಿ, ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಅತ್ತರು. ನಾರಿಸ್ ಅವರು ಆ ದಿನದಿಂದ ಜಗಳವನ್ನು ಬಿಟ್ಟರು ಎನ್ನಲಾರೆ. ಮುಂದಿನ ಸಭೆಯಲ್ಲಿ ಅದೇ ವಾದವನ್ನು ಇನ್ನೂ ಜೋರಾಗಿ ಮಂಡಿಸಿದರು. ಆದರೆ ಅಲ್ಲಿಂದೀಚೆಗೆ ನಮ್ಮ ಬೆಟ್ಟಗಳಲ್ಲಿ ಎದುರಿನವನ ಕೈ ಏಳದಿದ್ದರೆ "ಜಂಭದವನು" ಎಂದು ಯಾರೂ ಬೈಯುವುದಿಲ್ಲ. ಎದೆ ಧಸಕ್ಕೆಂದು ಗಾಡಿ ನಿಲ್ಲಿಸುತ್ತೇವೆ. ಹತ್ತಕ್ಕೆ ಒಂಬತ್ತು ಸಲ ಒಳಗಿರುವವನು ಸ್ಯಾಂಡ್‌ವಿಚ್ ತಿನ್ನುತ್ತಿರುತ್ತಾನೆ. ಆದರೂ ನಿಲ್ಲಿಸುತ್ತೇವೆ. ಈ ಅಂಜಿಕೆಯೇ ಬರ್ಕೆಟ್ ಅವರು ನಮಗೆ ಕೊಟ್ಟ ವಿದ್ಯೆ.

ಇನ್ನು ಮುಂದೆ ಅವರು ಸಾಲಿನ ಮುಂದಿರುವುದಿಲ್ಲ. ಹೊಸಬರಿಗೆ ಹೆದರುವುದನ್ನು ಕಲಿಸುವ ಕೆಲಸವನ್ನಂತೂ ಬಿಡಬಾರದೆಂದು ಕೂಟದ ಪರವಾಗಿ ಬೇಡುತ್ತೇನೆ. ಅವರು ಆರೋಗ್ಯದಿಂದ ಬಹುಕಾಲ ಬಾಳಲಿ, ಹಸಿರು ಎಂಜಿ ಅವರೊಂದಿಗೆ ಓಡುತ್ತಿರಲಿ, ಅವರ ಕೈ ಪ್ರತಿ ಭಾನುವಾರ ಮೇಲೇಳುತ್ತಿರಲಿ. ಎಂದಾದರೂ ಒಂದು ದಿನ ಅದು ಏಳದಿದ್ದರೆ, ಸಾರ್, ಎದುರು ಬರುವವರು ನಮ್ಮಲ್ಲಿ ಯಾರೇ ಆಗಿರಲಿ, ಗಾಡಿ ತಿರುಗಿಸಿ ನಿಮ್ಮ ಹಿಂದೆ ಬಂದೇ ಬರುತ್ತೇವೆ.