ಹೆಪ್ಪಾಗದ ಹಾಲು, ಕೆಂಪಾದ ಅರಿಶಿನ

ಹಾಲಿನ ಕ್ಯಾನಿನ ಮುಚ್ಚಳ ಮೊದಲು ಕಿರ್ರೆನ್ನುತ್ತಿತ್ತು, ಆಮೇಲೆ ಡಬ್ ಎಂದು ಬಿಡಿಸಿಕೊಳ್ಳುತ್ತಿತ್ತು. ಎಪ್ಪತ್ತರ ದಶಕದ ದೆಹಲಿ ಎಂದರೆ ನನಗೆ ಇವತ್ತಿಗೂ ಮೊದಲು ಕೇಳಿಸುವುದು ಆ ಸದ್ದೇ. ಘಾಜಿಯಾಬಾದ್ ಕಡೆಯಿಂದ ಬೆಳಗಿನ ರೈಲಿನಲ್ಲಿ ಕ್ಯಾನುಗಳನ್ನು ತಂದು, ಸೈಕಲ್ಲಿನ ಎರಡೂ ಪಕ್ಕಕ್ಕೆ ತೂಗಿಹಾಕಿಕೊಂಡು, ಹಾಲಿನ ಭಯ್ಯಾ ನಮ್ಮ ಸರಕಾರಿ ಕ್ವಾರ್ಟರ್ಸಿನ ಮೆಟ್ಟಿಲ ಬಳಿ ಬಂದು ನಿಲ್ಲುತ್ತಿದ್ದ. ನಾನು ಪಾತ್ರೆ ಹಿಡಿದು ಇಳಿಯುತ್ತಿದ್ದೆ. ಮದುವೆಯಾಗಿ ಮೂರು ತಿಂಗಳಾಗಿತ್ತು.

ನಮ್ಮತ್ತೆಗೆ ಸರಕಾರಿ ಡೈರಿ ಬೂತಿನ ಬಾಟಲಿ ಹಾಲು ಆಗುತ್ತಿರಲಿಲ್ಲ. ಯಾರ್ಯಾರು ಮುಟ್ಟಿದ ಬಾಟಲಿಯೋ, ಯಾವ ನೀರಿನಲ್ಲಿ ತೊಳೆದದ್ದೋ ಎಂದು ಮೂಗು ಮುರಿಯುತ್ತಿದ್ದರು. ಕಣ್ಣೆದುರಿಗೆ ಅಳೆದು ಹಾಕಿದ ಎಮ್ಮೆ ಹಾಲೇ ಶುದ್ಧ. ಆ ಶುದ್ಧವಾದ ಹಾಲು ಮೇ ತಿಂಗಳು ಬಂದದ್ದೇ ತಡ, ಹೆಪ್ಪಾಗುವುದನ್ನು ನಿಲ್ಲಿಸಿಬಿಟ್ಟಿತು.

ಹೊರಗೆ ಲೂ ಎಂಬ ಉರಿಗಾಳಿ. ಬೆಳಗ್ಗೆ ಮಾಡಿದ ಸಾರು ಮಧ್ಯಾಹ್ನಕ್ಕೆ ಹಳಸುವಂಥ ಸೆಕೆ. ಆ ಸೆಕೆಯಲ್ಲೂ ನಾನು ಹೆಪ್ಪು ಹಾಕಿದ ಹಾಲು ನೂಲು ನೂಲಾಗಿ, ಲೋಳೆಯಾಗಿ ಪಾತ್ರೆಯಲ್ಲಿ ಕೂತಿರುತ್ತಿತ್ತು. ಹೆಪ್ಪು ಹೆಚ್ಚಿಗೆ ಹಾಕಿದೆ. ಹಸಿಮೆಣಸಿನಕಾಯಿ ತೊಟ್ಟು ಹಾಕಿದೆ. ಸ್ವೆಟರಿನಲ್ಲಿ ಸುತ್ತಿಟ್ಟೆ. ಏನೂ ಆಗಲಿಲ್ಲ. ಅತ್ತೆಯೇ ಒಂದು ದಿನ ಹೆಪ್ಪು ಹಾಕಿದರು. ಅದೂ ಆಗಲಿಲ್ಲ.

"ಪಾತ್ರೆ ತೊಳೆದವಳು ನೀನೇ ತಾನೆ?" ಅಂದರು.

ಇದು ನಗುವ ಮಾತೇನೋ ಹೌದು. ಆದರೆ ಆಗ ನನಗೆ ನಗು ಬರುವ ಸ್ಥಿತಿಯಿರಲಿಲ್ಲ. ಹೌಜ್ ಖಾಸ್ ದಾಟಿ ಒಂದು ಹುಡುಗಿಯರ ಕಾಲೇಜು. ಅಲ್ಲಿ ಬೇಸಿಗೆ ರಜೆಯಲ್ಲೂ ಪ್ರಾಕ್ಟಿಕಲ್ಸು ನಡೆಯುತ್ತಿದ್ದ ಕೆಮಿಸ್ಟ್ರಿ ಲ್ಯಾಬಿಗೆ ಡೆಮಾನ್‌ಸ್ಟ್ರೇಟರ್ ಆಗಿ ಬನ್ನಿ ಎಂದು ನನಗೆ ಕಾಗದ ಬಂದಿತ್ತು. ಬರುವ ಸೋಮವಾರದೊಳಗೆ ಸೇರಬೇಕು. ಯಜಮಾನರು ಕಾಗದವನ್ನು ಎರಡು ಸಲ ಓದಿ, ತಮ್ಮ ಆಫೀಸಿನ ಫೈಲನ್ನು ಮೇಲಕ್ಕೆ ಕಳಿಸುವ ಹಾಗೆ ಅಮ್ಮನ ಕೈಗಿಟ್ಟರು. ಅತ್ತೆಯ ಆರ್ಡರು ಅಲ್ಲೇ ಬಂತು.

"ಮೊಸರು ಹೆಪ್ಪಾಗಿಸೋಕೆ ಬರದ ಕೈಗೆ ಲ್ಯಾಬು ಯಾತಕ್ಕೆ? ಮೊದಲು ಇದನ್ನ ಕಲಿ. ಆಮೇಲೆ ಆ ಮಾತು."

ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಕೆಮಿಸ್ಟ್ರಿ ಕಲಿಸಿದ ಸಿಸ್ಟರು ಟೈಟ್ರೇಷನ್ ದಿನ ಉಸಿರೂ ಬಿಡಗೊಡುತ್ತಿರಲಿಲ್ಲ. ಆಸಿಡ್ ತುಂಬಿದ ಫ್ಲಾಸ್ಕಿನಲ್ಲಿ ಎರಡು ಹನಿ ಫಿನಾಲ್ಫ್ಥಲೀನ್ ಎಂಬ ಸೂಚಕ. ಬಣ್ಣವೇ ಇಲ್ಲ, ನೀರಿನ ಹಾಗೆ. ಮೇಲಿನಿಂದ ಕ್ಷಾರ ಹನಿಹನಿಯಾಗಿ ಬೀಳುತ್ತದೆ. ಬಿದ್ದಲ್ಲಿ ಗುಲಾಬಿ ಮೂಡಿ, ಫ್ಲಾಸ್ಕ್ ತಿರುಗಿಸಿದರೆ ಮಾಯವಾಗುತ್ತದೆ. ಆಮೇಲೆ ಒಂದೇ ಒಂದು ಹನಿಗೆ ಇಡೀ ಫ್ಲಾಸ್ಕು ಗುಲಾಬಿಯಾಗಿ ಹಾಗೇ ನಿಂತುಬಿಡುತ್ತದೆ. ನಾನು ಕೆಮಿಸ್ಟ್ರಿಗೆ ಮನಸೋತದ್ದು ಫ್ರ್ಯಾಂಕ್ಲಿ ಆ ಒಂದು ಹನಿಗೆ.

ಗುರುವಾರ ಮಧ್ಯಾಹ್ನ ಅತ್ತೆ ಮಲಗಿದ್ದರು. ನಾನು ಟ್ರಂಕಿನಿಂದ ಹಳೆಯ ಪ್ರಾಕ್ಟಿಕಲ್ ರೆಕಾರ್ಡ್ ತೆಗೆದು ಸುಮ್ಮನೆ ತಿರುವುತ್ತಿದ್ದೆ. ಹಾಳೆಗಳ ನಡುವೆ ಕೆಂಪು ಲಿಟ್ಮಸ್ಸಿನ ಒಂದು ಪುಟ್ಟ ಪುಸ್ತಕ ಉಳಿದುಕೊಂಡಿತ್ತು. ಕೆಂಪು ಲಿಟ್ಮಸ್ಸು ಹುಳಿಯಲ್ಲಿ ಕೆಂಪಾಗಿಯೇ ಇರುತ್ತದೆ, ಕ್ಷಾರ ತಗುಲಿದರೆ ನೀಲಿಯಾಗುತ್ತದೆ. ಹಾಲಿಗೆ ಸಹಜವಾಗಿ ಇರುವುದು ತುಸು ಹುಳಿಯ ಕಡೆಯ ಗುಣ. ಅಡುಗೆಮನೆಗೆ ಹೋಗಿ ಬೆಳಗಿನ ಹಾಲಿನಲ್ಲಿ ಒಂದು ಚೂರು ಅದ್ದಿದೆ. ನೋಡುತ್ತಿದ್ದ ಹಾಗೆ ತುದಿ ನೀಲಿಗೆ ತಿರುಗಿತು.

ಹಾಲಿಗೆ ಯಾರೋ ಅಡುಗೆ ಸೋಡಾ ಹಾಕಿದ್ದರು. ಹಾಲು ಹುಳಿಯಾಗದೆ ಮೊಸರಾಗುವುದು ಹೇಗೆ? ನಾನು ಹಾಕಿದ ಹೆಪ್ಪಿನ ಹುಳಿಯನ್ನೆಲ್ಲ ಸೋಡಾ ನುಂಗಿ ಕೂತಿತ್ತು.

ಅತ್ತೆ ಎದ್ದ ಮೇಲೆ ನೀಲಿಯಾದ ಲಿಟ್ಮಸ್ ಕಾಗದ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ ಹಿಂದಕ್ಕೆ ಕೊಟ್ಟರು. "ನಿನ್ನ ಕಾಲೇಜಿನ ಕಾಗದ ನಿನ್ನ ಪರವಾಗಿ ತಾನೇ ಹೇಳೋದು."

ಪಕ್ಕದ ಮನೆಗೆ ಹೋಗಿ ಒಂದು ಲೋಟ ಬೂತಿನ ಹಾಲು ಕೇಳಿ ತಂದೆ. ಎರಡನ್ನೂ ಬೇರೆಬೇರೆ ಕಾಯಿಸಿ, ಎರಡು ಬಟ್ಟಲಿಗೆ ಹಾಕಿ, ಅತ್ತೆಯ ಮುಂದಿಟ್ಟು ಅರಿಶಿನದ ಡಬ್ಬಿ ಅವರ ಕೈಗೇ ಕೊಟ್ಟೆ.

"ನೀವೇ ಒಂದೊಂದು ಚಿಟಿಕೆ ಹಾಕಿ ಅತ್ತೆ."

ಹಾಕಿ ಕಲಸಿದರು. ಬೂತಿನ ಹಾಲು ಒಳ್ಳೆ ಹಳದಿಯಾಯಿತು. ಭಯ್ಯಾನ ಹಾಲು ಹಳದಿಯಾಗುವ ಬದಲು ಮೆಲ್ಲಗೆ ಕೆಂಬಣ್ಣಕ್ಕೆ ಹೊರಳಿತು. ಅತ್ತೆಯ ಕೈ ಅಲ್ಲೇ ನಿಂತಿತು. ಮಗ ಸೊಸೆ ಹೊಸ್ತಿಲು ದಾಟಿ ಒಳಗೆ ಬಂದ ದಿನ ತಟ್ಟೆಯ ನೀರಿಗೆ ಅರಿಶಿನ ಕಲಸಿ, ಸುಣ್ಣ ಬೆರೆಸಿ, ಕೆಂಪು ಮಾಡಿ ಆರತಿ ಎತ್ತಿದ ಕೈ ಅದು. ಅವರ ಅಮ್ಮನೂ ಅಜ್ಜಿಯೂ ಹಾಗೆಯೇ ಮಾಡಿದವರು. ಅವರಿಗೆ ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ.

"ಇದಕ್ಕೆ ಸುಣ್ಣದಂಥದ್ದೇನೋ ಬಿದ್ದಿದೆ," ಅಂದರು.

ನಾನು ಕೆಂಪು ಬಟ್ಟಲಿಗೆ ಅರ್ಧ ನಿಂಬೆಹಣ್ಣು ಹಿಂಡಿದೆ. ಹಾಲು ಒಡೆಯಿತು, ಆದರೆ ಕೆಂಪು ಹೋಗಿ ಹಳದಿ ವಾಪಸು ಬಂತು. ಅತ್ತೆ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಲ್ಯಾಬಿನಲ್ಲಿ ಮಾಡೋದು ಇದೇನಾ?"

"ಹೆಚ್ಚುಕಡಿಮೆ ಇದೇ."

"ಇದಕ್ಕೆ ಬಿ.ಎಸ್ಸಿ. ಬೇಕಾ?"

ಮರುದಿನ ಬೆಳಗ್ಗೆ ಪಾತ್ರೆ ಹಿಡಿದು ಮೆಟ್ಟಿಲಿಳಿದವರು ಅತ್ತೆ. ಹಾಲು ಹಾಕಿಸಿಕೊಂಡು, "ಭಯ್ಯಾ, ರುಕೋ," ಎಂದು ಅವನನ್ನು ನಿಲ್ಲಿಸಿ, ಮೇಲೆ ಬಂದು ಕಾಯಿಸಿ, ಅರಿಶಿನ ಕಲಸಿ, ಕೆಂಪಾದ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ಮತ್ತೆ ಇಳಿದರು. ಅಷ್ಟು ಹೊತ್ತಿಗೆ ಪಾತ್ರೆ ಹಿಡಿದ ಹೆಂಗಸರು ಏಳೆಂಟು ಜನ ಸೇರಿದ್ದರು.

"ಗರ್ಮೀ ಹೈ ಮಾತಾಜಿ," ಅಂದ ಭಯ್ಯಾ. "ಭೈಂಸ್ ಕೋ ಗರ್ಮೀ ಲಗ್ ಗಯೀ."

"ಎಮ್ಮೆಗೆ ಸೆಕೆಯಾದ್ರೆ ಹಾಲಿಗೆ ಸೋಡಾ ಕುಡಿಸ್ತೀಯಾ?" ಅತ್ತೆ ಅಚ್ಚ ಕನ್ನಡದಲ್ಲೇ ಕೇಳಿದರು. ಅದರಲ್ಲಿ ಅವನಿಗೆ ಅರ್ಥವಾದದ್ದು ಸೋಡಾ ಒಂದೇ. ಅಷ್ಟು ಸಾಕಾಯಿತು. ರೈಲಿನಲ್ಲಿ ಬರುವಷ್ಟರಲ್ಲಿ ಹಾಲು ಒಡೆದುಹೋಗುತ್ತದೆ, ಒಂದು ಚೂರು ಮೀಠಾ ಸೋಡಾ ಎಲ್ಲರೂ ಹಾಕುತ್ತಾರೆ ಎಂದು ನೆಲ ನೋಡುತ್ತ ಒಪ್ಪಿಕೊಂಡ. ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಅತ್ತೆ ಬೆರಳು ಎತ್ತಿ ಮೇಲೆ ನಮ್ಮ ಬಾಲ್ಕನಿಯಲ್ಲಿ ನಿಂತಿದ್ದ ನನ್ನನ್ನು ತೋರಿಸಿದರು.

"ಮೇರೀ ಬಹೂ ನೇ ಪಕಡಾ." ಹಿಡಿದದ್ದು ನನ್ನ ಸೊಸೆ ಎಂದು.

ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ನಾನು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಆ ಮಧ್ಯಾಹ್ನ ಬೂತಿನ ಹಾಲಿಗೆ ನಾನೇ ಹೆಪ್ಪು ಹಾಕಿದೆ. ಸಂಜೆಗೆ ಚಾಕುವಿನಲ್ಲಿ ಕತ್ತರಿಸುವಂಥ ಗಟ್ಟಿ ಮೊಸರು. ಯಜಮಾನರು ಎರಡನೇ ಸಲ ಬಡಿಸಿಕೊಳ್ಳುವಾಗ ಅತ್ತೆ ತಮ್ಮ ತಟ್ಟೆಯಿಂದ ತಲೆ ಎತ್ತದೆ, "ಸೋಮವಾರ ಇವಳನ್ನ ಆ ಕಾಲೇಜಿನ ಬಸ್ಸು ಹತ್ತಿಸಿ ನೀನು ಆಫೀಸಿಗೆ ಹೋಗು," ಅಂದರು. ಕಲಿತೆಯಾ, ಇಲ್ಲವಾ ಎಂದು ಕೇಳಲಿಲ್ಲ. ನನ್ನದೇನೂ ತಪ್ಪಿರಲಿಲ್ಲ ಎಂದೂ ಹೇಳಲಿಲ್ಲ. ಅವರ ಸ್ವಭಾವ ಹಾಗೆ.

ಸೋಮವಾರ ಹೋದೆ. ಮೊದಲ ದಿನವೇ ಇಪ್ಪತ್ತು ಹುಡುಗಿಯರ ಮುಂದೆ ಫ್ಲಾಸ್ಕ್ ಹಿಡಿದು, ಆ ಒಂದು ಹನಿಗೆ ಕಾದು ನಿಂತೆ.

ನಾಲ್ಕು ವರ್ಷಗಳ ನಂತರ ಅತ್ತೆ ಮಗಳ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೊರಟರು. ಅಲ್ಲಿಂದ ವಾಪಸು ಬರಲಿಲ್ಲ. ಮಳೆಗಾಲದ ಜ್ವರ ಅವರನ್ನು ಒಯ್ದುಬಿಟ್ಟಿತು. ಹೊರಟ ದಿನ ನಾನು ಸ್ಟೇಷನ್ನಿಗೆ ಹೋಗಿದ್ದೆ. ಅವರು ಕಿಟಕಿಯ ಪಕ್ಕ ಕೂತು, ಎದುರು ಸೀಟಿನ ಹೆಂಗಸಿಗೆ ತಮ್ಮ ಹಿಂದಿಯಲ್ಲಿ ನನ್ನ ಬಗ್ಗೆ ಏನೋ ಹೇಳುತ್ತಿದ್ದರು. ಗಡಿಯಾರ ನೋಡಿದವರು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. "ರೈಲು ಹೊರಡೋಕೆ ಇನ್ನೂ ಹೊತ್ತಿದೆ. ನಿನಗೆ ಹತ್ತಕ್ಕೆ ಪ್ರಾಕ್ಟಿಕಲ್ಸು ಅಲ್ವಾ? ಹುಡುಗಿಯರು ಕಾಯ್ತಿರ್ತಾರೆ, ನಡಿ," ಅಂದರು. ನಾನು ಕಂಬಿಯ ನಡುವೆ ಕೈ ತೂರಿಸಿ ಅವರ ಕೈ ಮುಟ್ಟಿ, ಬಸ್ಸು ಹಿಡಿಯಲು ಓಡಿದೆ.